ಸೊಟ್ಟ ಬಟ್ಟಲು, ನೆಟ್ಟಗಿನ ಕೆಲಸ

ನಮ್ಮ ಕ್ಯಾಂಪಸ್ಸಿಗೆ ಜಪಾನಿನಿಂದ ಒಂದು ಪದ ಬಂದು ಸೇರಿಕೊಂಡಿದೆ: ವಾಬಿ-ಸಾಬಿ. ಮಿನಿ ಪ್ರಾಜೆಕ್ಟಿನ ಡಬ್ಬಿ ತ್ರೀಡಿ ಪ್ರಿಂಟರ್‌ನಿಂದ ಸೊಟ್ಟಗೆ ಬಂತಾ? ವಾಬಿ-ಸಾಬಿ ಮಗಾ. ಫೆಸ್ಟಿನ ಬ್ಯಾನರ್ ಒಂದು ಕಡೆ ಇಳಿಬಿದ್ದಿದೆಯಾ? ವಾಬಿ-ಸಾಬಿ. ರೆಕಾರ್ಡಿನಲ್ಲಿ ಗ್ರಾಫಿನ ಗೆರೆ ಅಲ್ಲಾಡಿದೆಯಾ? ಅದೂ ವಾಬಿ-ಸಾಬಿ. ಹಿಂದೆ ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನಾವು ಅವಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೀವಿ. ನೆಲ ಡೊಂಕಾಗಿರೋದೇ ಚೆಂದ, ಅದು ಜಪಾನೀ ಫಿಲಾಸಫಿ ಅಂತೀವಿ.

ತಮಾಷೆಗೆ ಹೇಳಿದರೆ ನನಗೇನೂ ತಕರಾರಿಲ್ಲ. ಆದರೆ ಈ ಪದ ಈಗ ಸೀರಿಯಸ್ಸಾಗಿ ಸ್ಲೈಡ್‌ಗಳಲ್ಲಿ, ಮೋಟಿವೇಶನ್ ಭಾಷಣಗಳಲ್ಲಿ, ಸ್ಟೇಟಸ್‌ಗಳಲ್ಲಿ ಕಾಣಿಸ್ತಾ ಇದೆ. ಜೊತೆಗೆ ಯಾವಾಗಲೂ ಒಂದೇ ಥರದ ಫೋಟೋ ಇರುತ್ತೆ: ಅಂಚು ಏರುಪೇರಾಗಿರೋ ಒಂದು ಮಣ್ಣಿನ ಚಹಾ ಬಟ್ಟಲು, ಇಲ್ಲಾಂದ್ರೆ ಒಡೆದು ಚಿನ್ನದ ಗೆರೆಯಲ್ಲಿ ಜೋಡಿಸಿದ ಬಟ್ಟಲು. ಕೆಳಗೆ ಬರೆದಿರೋದು, ಅಪೂರ್ಣತೆಯೇ ಸೌಂದರ್ಯ.

ನನ್ನ ವಾದ ಇಷ್ಟೇ. ಆ ಬಟ್ಟಲು ಹೇಳ್ತಿರೋದು ಇದಕ್ಕೆ ತದ್ವಿರುದ್ಧ. ಅದರ ಸೊಟ್ಟತನದ ಕೆಳಗೆ ಬಹಳ ಕಟ್ಟುನಿಟ್ಟಾದ ಕೆಲಸ ಇದೆ. ಸೊಟ್ಟತನವನ್ನು ಮಾತ್ರ ಹೊಗಳಿದರೆ ನಾವು ಆ ಕೆಲಸವನ್ನೂ ಮರೀತೀವಿ, ಅದನ್ನು ಮಾಡಿದ ಕೈಯನ್ನೂ ಮರೀತೀವಿ. ಎಂಜಿನಿಯರಿಂಗ್ ಓದ್ತಿರೋ ನಮಗೆ ಈ ಎರಡು ಮರೆವೂ ಒಳ್ಳೇದಲ್ಲ.

ಬಟ್ಟಲಿನ ಕೆಲಸ ಏನು?

ಜಪಾನಿನ ಚಹಾ ಪದ್ಧತಿಗೆ ಅಲ್ಲಿಯವರ ಹೆಸರು ಚಾನೋಯು. ಅರ್ಥ ತೀರಾ ಸರಳ: ಚಹಾಕ್ಕೆ ಬಿಸಿನೀರು. ಅಲ್ಲಿ ಕುಡಿಯೋದು ಮಾಚಾ, ಅಂದರೆ ಚಹಾ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ಕಲ್ಲಿನಲ್ಲಿ ಬೀಸಿದ ಹಸಿರು ಪುಡಿ. ಬೆಂಗಳೂರಿನ ಕೆಫೆಗಳಲ್ಲಿ ಈಗ ಹಾಲು, ಐಸ್ ಹಾಕಿ ಕೊಡ್ತಾರಲ್ಲ, ಅದೇ. ಚಹಾ ಕೋಣೆಯಲ್ಲಿ ಈ ಪುಡಿಯನ್ನು ಬಟ್ಟಲಿಗೆ ಹಾಕಿ, ಬಿಸಿನೀರು ಸುರಿದು, ಚಾಸೆನ್ ಅನ್ನೋ ಬಿದಿರಿನ ಪುಟ್ಟ ಕಡೆಗೋಲಿನಿಂದ ಕಡೀತಾರೆ. ಸೋಸೋ ಮಾತೇ ಇಲ್ಲ. ಅದೇ ಬಟ್ಟಲನ್ನು ಅತಿಥಿಯ ಕೈಗೆ ಕೊಡ್ತಾರೆ. ಟೀ ಮಾಡೋ ಪಾತ್ರೆ, ಕುಡಿಯೋ ಲೋಟ ಎರಡೂ ಒಂದೇ. ಅದರ ಹೆಸರು ಚಾವಾನ್.

ಡಿಸೈನ್ ಕ್ಲಾಸಿನಲ್ಲಿ ಮಾಡೋ ಹಾಗೆ ಇದಕ್ಕೊಂದು ರಿಕ್ವೈರ್‌ಮೆಂಟ್ ಲಿಸ್ಟ್ ಬರೆಯೋಣ. ಹಿಡಿಕೆ ಇಲ್ಲ, ಎರಡು ಅಂಗೈ ನಡುವೆ ಕೂರಬೇಕು. ಹಾಗಾಗಿ ಬಾಯಿಯ ಅಗಲ ಸಾಮಾನ್ಯವಾಗಿ 12 ಸೆಂಟಿಮೀಟರ್ ಆಸುಪಾಸು. ಬಿಸಿನೀರು ಹಾಕಿದಾಗ ಕೈ ಸುಡಬಾರದು, ಆದರೆ ಚಹಾ ಬೇಗ ತಣ್ಣಗಾಗಲೂಬಾರದು. ಒಂದೇ ಬಿದಿರಿನ ತುಂಡನ್ನು ಸೀಳಿ ಮಾಡಿದ ಚಾಸೆನ್‌ನ ಎಳೆಗಳು ಬಹಳ ನಾಜೂಕು. ಅವು ಮುರಿಯದೆ ಓಡಾಡೋಕೆ ಒಳಗೆ ಜಾಗ ಬೇಕು, ಒಳಮೈ ತರಚಬಾರದು. ಕುಡಿಯೋ ಕಡೆ ಅಂಚು ತುಟಿಗೆ ಹಿತವಾಗಿರಬೇಕು. ಕೊನೆಯ ಗುಟುಕು ಒಂದೆಡೆ ನಿಲ್ಲೋಕೆ ತಳದಲ್ಲಿ ಸಣ್ಣ ತಗ್ಗು ಬೇಕು. ಅದಕ್ಕೂ ಅವರಲ್ಲಿ ಒಂದು ಪ್ರತ್ಯೇಕ ಪದ ಇದೆ, ಚಾದಮಾರಿ. ಕೆಳಗೆ ಬಳೆಯಂಥ ಪುಟ್ಟ ಪಾದ ಬೇಕು, ಎತ್ತುವಾಗ ಬೆರಳು ಸಿಗೋಕೆ, ಚಾಪೆಯ ಮೇಲೆ ಸದ್ದಿಲ್ಲದೆ ಕೂರೋಕೆ. ನೋಡೋಕೆ ಭಾರ ಅನ್ನಿಸಿದರೂ ಎತ್ತಿದಾಗ ಭಾರ ಅನ್ನಿಸಬಾರದು.

ಇಷ್ಟೆಲ್ಲ ಪೂರೈಸಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತೆ. ಅಂಚು ಮೇಲಿನಿಂದ ನೋಡಿದರೆ ಪಕ್ಕಾ ವೃತ್ತವಾಗಿ ಕಾಣಬೇಕಾ? ಮೈ ಮೇಲಿನ ಗ್ಲೇಜ್ ಎಲ್ಲ ಕಡೆ ಒಂದೇ ದಪ್ಪ ಇರಬೇಕಾ? ಚಹಾದವರ ಉತ್ತರ: ಬೇಕಾಗಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಟಾಲರೆನ್ಸ್ ಅಂತ ಹೆಸರು. ಶಾಫ್ಟ್ ಬೇರಿಂಗಿನೊಳಗೆ ಕೂರೋ ಜಾಗದಲ್ಲಿ ಮೈಕ್ರಾನ್ ಲೆಕ್ಕ, ಹೊರಗಿನ ಕಾಸ್ಟಿಂಗ್ ಮೈಯಲ್ಲಿ ಮಿಲಿಮೀಟರ್ ಲೆಕ್ಕ. ಯಾವುದು ಬಿಗಿ, ಯಾವುದು ಸಡಿಲ ಅಂತ ತೀರ್ಮಾನಿಸೋದೇ ಡಿಸೈನರ್‌ನ ಕೆಲಸ. ಚಾವಾನ್‌ನಲ್ಲಿ ಸಡಿಲ ಬಿಟ್ಟಿರೋ ಭಾಗದ ಫೋಟೋ ಮಾತ್ರ ನಮ್ಮ ಫೋನಿಗೆ ಬಂದು ಮುಟ್ಟಿದೆ. ಬಿಗಿ ಇರೋ ಭಾಗ ಫೋಟೋದಲ್ಲಿ ಕಾಣೋದಿಲ್ಲ. ಅದು ಕೈಗೆ, ತುಟಿಗೆ, ಚಾಸೆನ್‌ಗೆ ಮಾತ್ರ ಗೊತ್ತಾಗೋದು.

ಹೆಂಚಿನವನ ಕಪ್ಪು ಬಟ್ಟಲು

ಈ ಕಥೆಯ ದೊಡ್ಡ ಹೆಸರು ಸೆನ್ ನೋ ರಿಕ್ಯೂ. ಹುಟ್ಟಿದ್ದು 1522ರಲ್ಲಿ, ಸಕಾಯ್ ಅನ್ನೋ ಬಂದರು ಪಟ್ಟಣದ ವ್ಯಾಪಾರಿ ಮನೆಯಲ್ಲಿ. ಆಗಿನ ಕಾಲದ ಶ್ರೀಮಂತರಿಗೆ ಚಹಾ ಅಂದ್ರೆ ಚೀನಾದಿಂದ ಬಂದ ದುಬಾರಿ ಪಾತ್ರೆಗಳ ಪ್ರದರ್ಶನ. ಜಪಾನಿನ ಸರ್ವಾಧಿಕಾರಿಯಾಗಿದ್ದ ಟೊಯೊಟೊಮಿ ಹಿಡೆಯೋಶಿ ಚಿನ್ನದ ಹಾಳೆ ಹೊದಿಸಿದ ಚಹಾ ಕೋಣೆಯನ್ನೇ ಕಟ್ಟಿಸಿದ್ದ. ಅವನ ಚಹಾ ಗುರುವಾಗಿದ್ದ ರಿಕ್ಯೂ ಹೋಗಿದ್ದು ಉಲ್ಟಾ ದಾರಿಯಲ್ಲಿ. ಅವನದ್ದು ಅಂತ ಹೇಳೋ ತಾಯ್-ಆನ್ ಕೋಣೆ ಇವತ್ತಿಗೂ ಕ್ಯೋಟೋ ಹತ್ತಿರ ಇದೆ. ಚಹಾಕ್ಕೆ ಕೂರೋ ಜಾಗ ಎರಡೇ ಚಾಪೆಯಷ್ಟು. ಬಾಗಿಲು ಎಷ್ಟು ಚಿಕ್ಕದು ಅಂದ್ರೆ ಯಾರೇ ಆದರೂ ಬಗ್ಗಿ, ತೆವಳಿಕೊಂಡು ಒಳಗೆ ಬರಬೇಕು. ಸಮುರಾಯ್ ಆದರೆ ಕತ್ತಿ ಹೊರಗಿಟ್ಟು ಬರಬೇಕು.

ಇಂಥ ಕೋಣೆಗೆ ಬೇಕಾದ ಬಟ್ಟಲನ್ನು ರಿಕ್ಯೂ ಮಾಡಿಸಿದ್ದು ಚೋಜಿರೋ ಅನ್ನೋ ಹೆಂಚು ಕೆಲಸದವನ ಕೈಯಿಂದ. ಚೋಜಿರೋ ತಿಗುರಿ ಬಳಸಲಿಲ್ಲ. ಮಣ್ಣನ್ನು ಕೈಯಲ್ಲೇ ಎತ್ತಿ, ಅಂಗೈಯಲ್ಲೇ ರೂಪ ಕೊಟ್ಟು, ಆಮೇಲೆ ಕೆರೆದು ಕೆರೆದು ತೆಳ್ಳಗೆ ಮಾಡಿದ. ಇದೇ ಮುಂದೆ ರಾಕು ಅಂತ ಹೆಸರಾಯ್ತು. ಅವನಿಂದ ಶುರುವಾದ ರಾಕು ಮನೆತನ ಕ್ಯೋಟೋದಲ್ಲಿ ಈಗ 16ನೇ ತಲೆಮಾರಿನಲ್ಲಿದೆ.

ಮೆಟೀರಿಯಲ್ ಸೈನ್ಸ್ ಓದಿದವರು ಇಲ್ಲಿ ಕಿವಿ ನಿಮಿರಿಸಬೇಕು. ಕಪ್ಪು ರಾಕು ಬಟ್ಟಲನ್ನು ಕುಲುಮೆಯಲ್ಲಿ ಒಂದೊಂದಾಗಿ ಸುಡ್ತಾರೆ. ಕುಂಬಾರರ ಭಾಷೆಯಲ್ಲಿ ಈ ಕುಲುಮೆಗೆ ಆವಿಗೆ ಅಂತ ಒಳ್ಳೆಯ ಕನ್ನಡ ಪದ ಇದೆ. ಗ್ಲೇಜ್ ಕರಗಿ ಬಟ್ಟಲು ಕೆಂಪಗೆ ಹೊಳೆಯುತ್ತಿರುವಾಗಲೇ ಇಕ್ಕಳದಲ್ಲಿ ಹಿಡಿದು ಹೊರಗೆಳೀತಾರೆ. ಹೊರಗಿನ ಗಾಳಿಗೆ ಅದು ಸರ್ರನೆ ತಣ್ಣಗಾಗುತ್ತೆ. ಆ ಆಳವಾದ ಕಪ್ಪು ಬರೋದೇ ಈ ವೇಗದ ಕೂಲಿಂಗ್‌ನಿಂದ. ನಮ್ಮ ಮನೆಯ ಪಿಂಗಾಣಿ ಕಪ್ಪನ್ನು ಹೀಗೆ ಮಾಡಿದರೆ ಚೂರು ಚೂರಾಗುತ್ತೆ. ಹೊರಮೈ ಕುಗ್ಗುತ್ತೆ, ಒಳಗಿನ್ನೂ ಬಿಸಿ, ನಡುವೆ ಸ್ಟ್ರೆಸ್. ಥರ್ಮಲ್ ಶಾಕ್ ಅಂತ ನಾವು ಉತ್ತರ ಪತ್ರಿಕೆಯಲ್ಲಿ ಬರೆಯೋದು ಇದನ್ನೇ.

ಹಾಗಾದರೆ ರಾಕು ಯಾಕೆ ಒಡೆಯೋದಿಲ್ಲ? ಅದರ ಮಣ್ಣು ಒರಟು, ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ರಂಧ್ರ ಇರೋ ವಸ್ತುವಿನ ಇಲಾಸ್ಟಿಕ್ ಮಾಡ್ಯುಲಸ್ ಕಡಿಮೆ, ಹಾಗಾಗಿ ಅಷ್ಟೇ ತಾಪ ವ್ಯತ್ಯಾಸಕ್ಕೆ ಹುಟ್ಟೋ ಸ್ಟ್ರೆಸ್ ಕಡಿಮೆ. ಎಲ್ಲೋ ಒಂದು ಕೂದಲೆಳೆ ಬಿರುಕು ಶುರುವಾದರೂ ರಂಧ್ರದ ಹತ್ತಿರ ಬಂದು ನಿಂತುಹೋಗಬಹುದು. ಶೀಟ್ ಮೆಟಲ್‌ನಲ್ಲಿ ಕ್ರ್ಯಾಕ್ ಮುಂದೆ ಓಡದೇ ಇರಲಿ ಅಂತ ಅದರ ತುದಿಗೆ ತೂತು ಕೊರೀತಾರಲ್ಲ, ಅದೇ ಉಪಾಯ. ಇನ್ನೊಂದು ಲಾಭ, ರಂಧ್ರದಲ್ಲಿ ಗಾಳಿ ಇರೋದ್ರಿಂದ ಶಾಖ ನಿಧಾನವಾಗಿ ದಾಟುತ್ತೆ. ಕೈ ಸುಡೋದಿಲ್ಲ, ಚಹಾ ಬಿಸಿ ಉಳಿಯುತ್ತೆ. ರಿಕ್ವೈರ್‌ಮೆಂಟ್ ಲಿಸ್ಟಿನ ಕಷ್ಟದ ಸಾಲು ಇಲ್ಲಿ ಬಗೆಹರಿಯಿತು ನೋಡಿ.

ಚೋಜಿರೋಗೆ ಮಾಡ್ಯುಲಸ್ ಗೊತ್ತಿರಲಿಲ್ಲ. ಯಾವ ಮಣ್ಣು ಬೆಂಕಿಯಿಂದ ಹೊರಬಂದು ಬದುಕುತ್ತೆ ಅನ್ನೋದು ಮಾತ್ರ ಗೊತ್ತಿತ್ತು. ನಾವು ಒರಟು ಅಂತ ಕರೆಯೋ ಆ ಮೈ ಅಲಂಕಾರಕ್ಕೆ ಬಂದದ್ದಲ್ಲ, ಆ ವಿಧಾನಕ್ಕೆ ಬೇರೆ ಮೈ ಸಾಧ್ಯವೇ ಇರಲಿಲ್ಲ.

ಬೇಕಂತಲೇ ಸೊಟ್ಟ ಮಾಡಿದವನು

ಇಲ್ಲಿ ಯಾರಾದರೂ ಕೇಳಬಹುದು: ಬೇಕಂತಲೇ ಸೊಟ್ಟ ಮಾಡಿದ ಬಟ್ಟಲುಗಳೂ ಇವೆಯಲ್ಲ? ಹೌದು, ಇವೆ. ರಿಕ್ಯೂ 1591ರಲ್ಲಿ ಹಿಡೆಯೋಶಿಯ ಆಜ್ಞೆಯಂತೆ ಹೊಟ್ಟೆ ಸೀಳಿಕೊಂಡು ಸತ್ತ. ಅವನ ನಂತರ ಚಹಾದ ರುಚಿ ತೀರ್ಮಾನ ಮಾಡಿದವರಲ್ಲಿ ಮುಖ್ಯನಾದವನು ಅವನ ಶಿಷ್ಯ ಫುರುತಾ ಒರಿಬೆ, ಒಬ್ಬ ಸಮುರಾಯ್. ಅವನ ಹೆಸರಿನ ಶೈಲಿಯ ಬಟ್ಟಲುಗಳು ನಿಜವಾಗಲೂ ಜಜ್ಜಿಹೋದ ಬೂಟಿನ ಹಾಗಿವೆ. ಅವುಗಳನ್ನು ಕರೆಯೋದೇ ಬೂಟಿನ ಆಕಾರದವು ಅಂತ. 1599ರಲ್ಲಿ ಅವನ ಮನೆಯ ಚಹಾಕ್ಕೆ ಹೋಗಿದ್ದ ಕಮಿಯಾ ಸೋತಾನ್ ಅನ್ನೋ ವರ್ತಕ, ಆ ಬಟ್ಟಲು ವಕ್ರವಾಗಿತ್ತು, ತಮಾಷೆಯಾಗಿತ್ತು ಅಂತ ಡೈರಿಯಲ್ಲಿ ಬರೆದಿಟ್ಟಿದ್ದಾನೆ.

ಆದರೆ ಅದನ್ನು ಮಾಡೋ ಕ್ರಮ ನೋಡಿ. ಮೊದಲು ತಿಗುರಿಯ ಮೇಲೆ ನೆಟ್ಟಗೆ, ಗುಂಡಗೆ ಎತ್ತಬೇಕು. ಆಮೇಲೆ ಹಸಿ ಇರುವಾಗಲೇ ಎಷ್ಟು ಬೇಕೋ ಅಷ್ಟು ಒತ್ತಬೇಕು. ಒತ್ತಿದ ಮೇಲೂ ಚಾಸೆನ್ ಆಡಬೇಕು, ತುಟಿ ಇಡೋಕೆ ಒಂದು ಜಾಗ ಇರಬೇಕು, ಒಣಗುವಾಗ, ಸುಡುವಾಗ ಸೀಳಬಾರದು. ಗುಂಡಗೆ ಎತ್ತೋಕೆ ಬಾರದವನ ಬಟ್ಟಲು ಸೊಟ್ಟಗಾಗೋದು ಬೇರೆ, ಎತ್ತಿದ ಮೇಲೆ ಒಬ್ಬ ಸೊಟ್ಟ ಮಾಡೋದು ಬೇರೆ. ಯಕ್ಷಗಾನದ ಹಾಸ್ಯಗಾರ ತಾಳ ತಪ್ಪಿದ ಹಾಗೆ ನಟಿಸಬೇಕಾದರೆ ಅವನಿಗೆ ತಾಳ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಾಗುತ್ತೆ. ಹಾಗೇ ಇದು.

ಕಿಜಾಯೆಮೋನ್ ಯಾರು?

ಈಗ ನನಗೆ ಮುಖ್ಯ ಅನ್ನಿಸೋ ಭಾಗಕ್ಕೆ ಬರ್ತೀನಿ. ಜಪಾನ್ ಸರ್ಕಾರ ರಾಷ್ಟ್ರೀಯ ನಿಧಿ ಅಂತ ಘೋಷಿಸಿರೋ ಚಹಾ ಬಟ್ಟಲುಗಳು ಒಟ್ಟು 8. ಅದರಲ್ಲಿ 5 ಚೀನಾದಲ್ಲಿ ಆಗಿದ್ದು, 1 ಕೊರಿಯಾದಲ್ಲಿ, ಜಪಾನಿನಲ್ಲೇ ಆಗಿದ್ದು 2. ಆ ಒಂದು ಕೊರಿಯನ್ ಬಟ್ಟಲಿನ ಹೆಸರು ಕಿಜಾಯೆಮೋನ್. ಕ್ಯೋಟೋದ ದಾಯ್ತೋಕುಜಿ ದೇವಾಲಯ ಸಮೂಹದ ಕೋಹೋ-ಆನ್‌ನಲ್ಲಿದೆ.

ಅದು 16ನೇ ಶತಮಾನದ ಕೊರಿಯಾದ ಬಟ್ಟಲು. ಪೂಜೆಗೆ ಬಳಸುತ್ತಿದ್ದರು ಅಂತ ಕೆಲವು ವಿದ್ವಾಂಸರ ವಾದ ಇದೆ. ಬಹುಕಾಲದಿಂದ ನಂಬಿರೋದು ಮಾತ್ರ ಅದು ಸಾಮಾನ್ಯ ಜನರ ಊಟದ ಬಟ್ಟಲು ಅಂತ. ಮೈ ಮೇಲೆ ಕುಂಬಾರನ ಬೆರಳು ತಿಗುರಿಯಲ್ಲಿ ಸುತ್ತಿದ ಗುರುತು ಹಾಗೇ ಇದೆ. ಪಾದದ ಸುತ್ತ ಗ್ಲೇಜ್ ಸುರುಟಿಕೊಂಡು ಹನಿ ಹನಿಯಾಗಿ ನಿಂತಿದೆ. ಸೆರಾಮಿಕ್ಸ್ ಪುಸ್ತಕದಲ್ಲಿ ಇದಕ್ಕೆ ಕ್ರಾಲಿಂಗ್ ಅಂತಾರೆ, ಗ್ಲೇಜಿನ ದೋಷಗಳ ಪಟ್ಟಿಯಲ್ಲಿ ಬರುತ್ತೆ. ಚಹಾದವರು ಅದಕ್ಕೆ ಕಾಯ್ರಾಗಿ ಅಂತ ಹೆಸರಿಟ್ಟು ಈ ಜಾತಿಯ ಬಟ್ಟಲಿನ ದೊಡ್ಡ ಆಕರ್ಷಣೆ ಅಂದರು. ವಾಬಿ-ಸಾಬಿ ಸ್ಲೈಡಿಗೆ ಇದಕ್ಕಿಂತ ಒಳ್ಳೆಯ ಫೋಟೋ ಸಿಗೋದಿಲ್ಲ.

ಆದರೆ ಕಿಜಾಯೆಮೋನ್ ಯಾರು? ಕುಂಬಾರ ಅಂದ್ಕೊಂಡ್ರಾ? ಅಲ್ಲ. ತಕೆದಾ ಕಿಜಾಯೆಮೋನ್ ಅನ್ನೋ ಒಸಾಕಾದ ವರ್ತಕ, ಒಂದು ಕಾಲದಲ್ಲಿ ಅದನ್ನು ಇಟ್ಟುಕೊಂಡಿದ್ದವನು. ಅವನ ನಂತರ ಯಾರ ಯಾರ ಕೈಗೆ ಹೋಯ್ತು, ಮಾತ್ಸುಯೆಯ ದೊರೆ ಮಾತ್ಸುದಾಯ್ರಾ ಫುಮಾಯ್ ಹತ್ತಿರ ಹೇಗೆ ಬಂತು, ಅವನ ನಂತರ ದೇವಾಲಯಕ್ಕೆ ಹೇಗೆ ಸೇರಿತು, ಎಲ್ಲದಕ್ಕೂ ಲೆಕ್ಕ ಇದೆ. ಮಾಡಿದವನ ಹೆಸರು ಮಾತ್ರ ಇಲ್ಲ.

1931ರಲ್ಲಿ ಯಾನಾಗಿ ಸೋಯೆತ್ಸು ಅನ್ನೋ ಚಿಂತಕರು ಈ ಬಟ್ಟಲನ್ನು ನೋಡಿ ಒಂದು ಪ್ರಸಿದ್ಧ ಲೇಖನ ಬರೆದರು. ದಿನಬಳಕೆಯ ವಸ್ತುಗಳ ಸೌಂದರ್ಯಕ್ಕೆ ಮಿಂಗೇಯ್ ಅಂತ ಹೆಸರು ಕೊಟ್ಟು, 1936ರಲ್ಲಿ ಟೋಕಿಯೋದಲ್ಲಿ ಅದಕ್ಕಾಗಿಯೇ ಮ್ಯೂಸಿಯಂ ತೆರೆದವರು ಅವರು. ಅವರ ವಾದದ ಸಾರ ಹೀಗಿದೆ: ಈ ಬಟ್ಟಲು ಬಡವನೊಬ್ಬ ಮಾಡಿದ ಅಗ್ಗದ ವಸ್ತು, ಚೆಂದ ಮಾಡಬೇಕು ಅನ್ನೋ ಯೋಚನೆಯೇ ಇಲ್ಲದೆ ಮಾಡಿದ್ದರಿಂದಲೇ ಅದು ಚೆಂದವಾಯಿತು. ದೊಡ್ಡ ಕಲಾವಿದರ ಸಹಿಗಿಂತ ಹೆಸರಿಲ್ಲದ ಕುಶಲಕರ್ಮಿಯ ಕೆಲಸ ಮೇಲು ಅಂತ ಹೇಳೋಕೆ ಆ ಕಾಲದಲ್ಲಿ ಧೈರ್ಯ ಬೇಕಿತ್ತು. ಕೊರಿಯಾ ಆಗ ಜಪಾನಿನ ವಸಾಹತು, 1910ರಿಂದ 1945ರವರೆಗೆ. ಸಿಯೋಲ್‌ನ ಅರಮನೆಯ ಗ್ವಾಂಗ್‌ಹ್ವಾಮುನ್ ಬಾಗಿಲನ್ನು ಕೆಡವೋಕೆ ಹೊರಟಾಗ 1922ರಲ್ಲಿ ಅದನ್ನು ವಿರೋಧಿಸಿ ಬರೆದವರೂ ಇದೇ ಯಾನಾಗಿ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ.

ನನ್ನ ತಕರಾರು "ಯೋಚನೆಯೇ ಇಲ್ಲದೆ" ಅನ್ನೋ ಮಾತಿನ ಮೇಲೆ. ದಿನವೂ ಅದೇ ಬಟ್ಟಲು ಎತ್ತಿದವನು ಯೋಚನೆ ಮಾಡೋದಿಲ್ಲ ಅಂತ ನಮಗೆ ಅನ್ನಿಸೋದು, ಅವನ ಯೋಚನೆ ಕೈಗೆ ಇಳಿದಿರೋದ್ರಿಂದ. ಮೊದಲ ವರ್ಷದ ಫಿಟ್ಟಿಂಗ್ ಶಾಪ್ ನೆನಪು ಮಾಡ್ಕೊಳ್ಳಿ. ನಾವು ಟ್ರೈ ಸ್ಕ್ವೇರ್ ಹಿಡಿದು ಹತ್ತು ಸಲ ಬೆಳಕಿಗೆ ನೋಡುವಾಗ, ವರ್ಕ್‌ಶಾಪಿನ ಅಣ್ಣ ಅರ ಉಜ್ಜೋ ಸದ್ದು ಕೇಳಿಯೇ "ಬಲಗಡೆ ಜಾಸ್ತಿ ಹೋಗ್ತಾ ಇದೆ ನೋಡಪ್ಪಾ" ಅಂತಾರೆ. ಅದು ಯೋಚನೆ ಇಲ್ಲದ ಮಾತಾ? ನಾವು ಸೂತ್ರದಲ್ಲಿ ಬರೆದಿಡೋದನ್ನು ಅವರು ಕಿವಿಯಲ್ಲಿ ಇಟ್ಟುಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ. ಅಂಥವರನ್ನು ಮುಗ್ಧರು ಅಂತ ಹೊಗಳೋದು ಹೊಗಳಿಕೆಯ ಥರ ಕಂಡರೂ, ಅವರ ವಿದ್ಯೆಯನ್ನು ಸದ್ದಿಲ್ಲದೆ ಕಿತ್ತುಕೊಂಡ ಹಾಗೆ.

ನನ್ನ ಮಾತಿಗೆ ಸಾಕ್ಷಿ ಇತಿಹಾಸದಲ್ಲೇ ಇದೆ. 1592ರಿಂದ 1598ರವರೆಗೆ ಹಿಡೆಯೋಶಿಯ ಸೈನ್ಯ ಕೊರಿಯಾ ಮೇಲೆ ದಂಡೆತ್ತಿ ಹೋಯ್ತು. ಆ ಯುದ್ಧಕ್ಕೆ ಆಮೇಲೆ ಮಣ್ಣಿನ ಪಾತ್ರೆಗಳ ಯುದ್ಧ ಅಂತಲೂ ಹೆಸರು ಬಂತು. ಯಾಕಂದ್ರೆ ವಾಪಸ್ ಬರುವಾಗ ಜಪಾನಿನ ದೊರೆಗಳು ಕೊರಿಯಾದ ಕುಂಬಾರರನ್ನು ಕುಟುಂಬ ಸಮೇತ ಹಿಡಿದುಕೊಂಡು ಬಂದರು. ಹಾಗಿ ಊರಿನ ಪ್ರಸಿದ್ಧ ಚಹಾ ಬಟ್ಟಲುಗಳ ಪರಂಪರೆ ಶುರುವಾಗಿದ್ದು ಹೀಗೆ ಬಂದ ಲೀ ಮನೆತನದ ಅಣ್ಣತಮ್ಮಂದಿರಿಂದ ಅಂತ ಹೇಳ್ತಾರೆ. ಅರಿತಾದ ಪಿಂಗಾಣಿಗೆ ಮೂಲಪುರುಷ ಅಂತ ಗೌರವಿಸೋದು ಲೀ ಸಾಮ್-ಪ್ಯೋಂಗ್‌ನನ್ನು. ಅವನ ಹೆಸರಿನ ಸ್ಮಾರಕ ಇವತ್ತಿಗೂ ಆ ಊರಿನ ಗುಡ್ಡದ ಮೇಲಿದೆ. ಸಾತ್ಸುಮಾ ಪ್ರಾಂತ್ಯಕ್ಕೆ ತಂದವರ ವಂಶದ ಒಂದು ಮನೆತನ ತಮ್ಮ ಕೊರಿಯನ್ ಮನೆ ಹೆಸರನ್ನು ಬಿಡದೆ ಇಂದಿಗೂ ಪಾತ್ರೆ ಮಾಡ್ತಾ ಇದೆ.

ಈಗ ಹೇಳಿ. ಆ ಚೆಲುವು ಯೋಚನೆಯೇ ಇಲ್ಲದೆ ತಾನಾಗೇ ಬರೋದಾಗಿದ್ರೆ, ಬಟ್ಟಲನ್ನು ಲೂಟಿ ಮಾಡಿದ್ರೆ ಸಾಕಿತ್ತು. ಕುಂಬಾರರನ್ನೇ ಸಮುದ್ರ ದಾಟಿಸಿ ತಂದಿದ್ದು ಯಾಕೆ? ವಿದ್ಯೆ ಎಲ್ಲಿದೆ ಅನ್ನೋದು ಆ ದೊರೆಗಳಿಗೆ ಚೆನ್ನಾಗಿ ಗೊತ್ತಿತ್ತು. ಅಪೂರ್ಣತೆಯೇ ಸೌಂದರ್ಯ ಅಂತ ಸ್ಲೈಡ್ ಹಾಕೋ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಚಿನ್ನದ ಗೆರೆಯ ಕೆಳಗೆ

ಇನ್ನು ಆ ಎರಡನೇ ಫೋಟೋ, ಕಿಂತ್ಸುಗಿ. ಒಡೆದ ಬಟ್ಟಲಿಗೆ ಚಿನ್ನ ಕರಗಿಸಿ ಸುರೀತಾರೆ ಅಂತ ಬಹಳ ಜನ ನಂಬಿದ್ದಾರೆ. ಅಲ್ಲಿ ಚಿನ್ನ ಯಾವುದನ್ನೂ ಅಂಟಿಸೋದಿಲ್ಲ. ಅಂಟು ಬರೋದು ಉರುಶಿ ಅನ್ನೋ ಮರದ ಹಾಲಿನಿಂದ. ಹಸಿಯಾಗಿರುವಾಗ ಅದು ಚರ್ಮಕ್ಕೆ ತಾಗಿದರೆ ಬಹಳ ಜನಕ್ಕೆ ಕೆರೆತ, ಗುಳ್ಳೆ ಏಳುತ್ತೆ. ಅದು ಫೆವಿಕಾಲ್ ಥರ ನೀರು ಆರಿ ಒಣಗೋದೂ ಅಲ್ಲ. ಅದರೊಳಗಿನ ಲ್ಯಾಕೇಸ್ ಅನ್ನೋ ಎಂಜೈಮ್ ಗಾಳಿಯ ಆಕ್ಸಿಜನ್ ಬಳಸಿ ಅದನ್ನು ಗಟ್ಟಿ ಮಾಡುತ್ತೆ. ಅದಕ್ಕೆ ಗಾಳಿಯಲ್ಲಿ ತೇವ ಬೇಕು, ಸುಮಾರು 70ರಿಂದ 80 ಪರ್ಸೆಂಟ್. ಅಂದರೆ ಬಟ್ಟಲನ್ನು ಒಣಗಿಸೋಕೆ ತೇವದ ಪೆಟ್ಟಿಗೆಯಲ್ಲಿ ಇಡ್ತಾರೆ!

ಚೂರುಗಳನ್ನು ಅಂಟಿಸಬೇಕು, ಕಾಯಬೇಕು. ಸಂದು ತುಂಬಬೇಕು, ಕಾಯಬೇಕು. ಉಜ್ಜಿ ನಯ ಮಾಡಿ ಮತ್ತೆ ಉರುಶಿ ಬಳಿಯಬೇಕು, ಮತ್ತೆ ಕಾಯಬೇಕು. ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಇದೇ ಕೆಲಸ. ಎಲ್ಲ ಮುಗಿದ ಮೇಲೆ, ಕೊನೆಯ ಅಂಟಂಟಾದ ಗೆರೆಯ ಮೇಲೆ ಚಿನ್ನದ ಪುಡಿ ಉದುರಿಸ್ತಾರೆ. ನಮ್ಮಲ್ಲಿ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಕಿಂತ್ಸುಗಿಯಲ್ಲಿ ದೊಣ್ಣೆ ಬಿದ್ದ ಮೇಲೂ ಇನ್ನೊಬ್ಬರಿಗೆ ತಿಂಗಳುಗಳ ಕೆಲಸ ಇದೆ. ಸ್ಟೇಟಸ್‌ನಲ್ಲಿ ಹೊಳೆಯೋದು ಚಿನ್ನ. ಬಟ್ಟಲನ್ನು ಹಿಡಿದಿರೋದು ಅದರ ಕೆಳಗಿರೋ ಕಪ್ಪು ಅಂಟು ಮತ್ತು ಕಾದವರ ತಾಳ್ಮೆ.

ನಮಗೂ ಇದಕ್ಕೂ ಏನು ಸಂಬಂಧ?

ನನ್ನ ರೂಮ್‌ಮೇಟ್ ಇದನ್ನೆಲ್ಲ ಕೇಳಿ ಒಂದು ಒಳ್ಳೆಯ ಪ್ರಶ್ನೆ ಹಾಕಿದ. "ನೀನು ಹೇಳೋದೆಲ್ಲ ಸರಿ ಕಣೋ. ಆದ್ರೆ ಇಲ್ಲಿ ಎಲ್ಲರೂ ಸಿಜಿಪಿಎ ಅಂತ ಸಾಯ್ತಾ ಇದ್ದಾರೆ. ಪರ್ಫೆಕ್ಟ್ ಆಗಿಲ್ಲ ಅಂದ್ರೂ ಪರವಾಗಿಲ್ಲ ಅನ್ನೋ ಒಂದು ಮಾತಿಂದ ಯಾರಿಗಾದ್ರೂ ರಾತ್ರಿ ನಿದ್ದೆ ಬರುತ್ತೆ ಅಂದ್ರೆ ನಿಂಗೇನು ಕಷ್ಟ?"

ಈ ಪ್ರಶ್ನೆಯನ್ನು ತಳ್ಳಿಹಾಕೋಕೆ ಆಗೋದಿಲ್ಲ. ಬ್ಯಾಕ್‌ಲಾಗ್ ಬಂದವನಿಗೆ, ಪ್ಲೇಸ್‌ಮೆಂಟ್ ಆಗದ ಸೀನಿಯರ್‌ಗೆ, ಮನೆಗೆ ಫೋನ್ ಮಾಡೋಕೆ ಹೆದರೋ ಜೂನಿಯರ್‌ಗೆ, ನೀನು ಹೀಗೇ ಇದ್ದರೂ ಸರಿ ಅಂತ ಯಾರಾದರೂ ಹೇಳಲೇಬೇಕು. ಅದನ್ನು ಹೇಳೋಕೆ ಬಟ್ಟಲಿನ ಫೋಟೋ ಬೇಕಾದರೆ ಬಳಸಿಕೊಳ್ಳಿ. ಆದರೆ ಮನುಷ್ಯನಿಗೆ ಕೊಡೋ ಸಮಾಧಾನವನ್ನೇ ಅವನ ಕೆಲಸಕ್ಕೂ ಕೊಟ್ಟುಬಿಟ್ಟರೆ ಕಷ್ಟ. ಸೇತುವೆ ಮೇಲೆ ಹೋಗೋರಿಗೆ, ಬ್ರೇಕ್ ಒತ್ತೋರಿಗೆ, ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿಸಿಕೊಂಡೋರಿಗೆ ನಮ್ಮ ವಾಬಿ-ಸಾಬಿಯಿಂದ ಏನೂ ಉಪಯೋಗ ಇಲ್ಲ. ಇನ್ನೂ ಒಂದು ಮಾತು. ಚಹಾ ಪದ್ಧತಿಯಲ್ಲಿ ಬಟ್ಟಲು ಸರಿಯಾಗಿರಬೇಕಾದದ್ದು ಮಾಡುವವನ ಹೆಮ್ಮೆಗೋಸ್ಕರ ಅಲ್ಲ, ಎದುರಿಗೆ ಕೂತ ಅತಿಥಿಗೋಸ್ಕರ. ಬಟ್ಟಲಿನ ಚೆಂದದ ಮುಖವನ್ನು ಅತಿಥಿಯ ಕಡೆ ತಿರುಗಿಸಿ ಕೊಡ್ತಾರೆ. ಅತಿಥಿ ಆ ಮುಖಕ್ಕೆ ಬಾಯಿ ಹಾಕಬಾರದು ಅಂತ ಮತ್ತೆ ತಿರುಗಿಸಿ ಕುಡೀತಾರೆ. ನಮ್ಮ ಜಾಬ್ ಸರಿಯಾಗಿರಬೇಕಾದದ್ದೂ ಮಾರ್ಕ್ಸಿಗಿಂತ ಹೆಚ್ಚಾಗಿ ಅದನ್ನು ಬಳಸೋರಿಗೋಸ್ಕರ. ಹಾಗೆ ಅಂದುಕೊಂಡರೆ ಸಿಜಿಪಿಎ ಭಾರವೂ ಸ್ವಲ್ಪ ಇಳಿಯುತ್ತೆ ಅಂತ ನನ್ನ ನಂಬಿಕೆ.

ಹಾಗಾಗಿ ನನ್ನದು ಎರಡು ಸಣ್ಣ ಸಲಹೆ, ಎರಡೂ ಇದೇ ಸೆಮಿಸ್ಟರ್‌ನಲ್ಲಿ ಮಾಡಬಹುದಾದವು.

ಒಂದು, ಮುಂದಿನ ಸಲ ಪ್ರಾಜೆಕ್ಟಿನಲ್ಲಿ ಏನಾದರೂ ಸೊಟ್ಟಗಿದ್ದರೆ ವಾಬಿ-ಸಾಬಿ ಅನ್ನೋ ಮುಂಚೆ ಕೇಳಿಕೊಳ್ಳೋಣ: ಇಲ್ಲಿ ಸಡಿಲ ಬಿಟ್ಟರೆ ಕೆಲಸಕ್ಕೆ ತೊಂದರೆ ಇದೆಯಾ? ಇಲ್ಲ ಅಂತಾದರೆ ರಿಪೋರ್ಟಿನಲ್ಲಿ ಒಂದು ಸಾಲು ಬರೆಯೋಣ, ಈ ಅಳತೆ ಸಡಿಲ ಇದೆ, ಕಾರಣ ಇದು ಅಂತ. ಕಾರಣ ಬರೆಯೋಕೆ ಬಂದರೆ ಅದು ಡಿಸೈನ್. ಬರದಿದ್ದರೆ ಇನ್ನೊಂದು ಸಲ ಮಾಡೋಣ.

ಎರಡು, ನಮ್ಮ ರಿಪೋರ್ಟುಗಳ ಕೃತಜ್ಞತೆ ಪುಟ ತೆಗೆದು ನೋಡಿ. ಆಡಳಿತ ಮಂಡಳಿ, ಪ್ರಿನ್ಸಿಪಾಲ್, ಎಚ್‌ಓಡಿ, ಗೈಡ್ ಎಲ್ಲರ ಹೆಸರೂ ಡಿಗ್ರಿ ಸಮೇತ ಇರುತ್ತೆ. ಇರಲಿ, ಇರಬೇಕಾದದ್ದೇ. ಕೊನೆಯಲ್ಲಿ ಒಂದು ಸಾಲು ಬರುತ್ತೆ: ಮತ್ತು ಎಲ್ಲ ಬೋಧಕೇತರ ಸಿಬ್ಬಂದಿಗೆ. ನಮ್ಮ ಶಾಫ್ಟ್ ಟರ್ನಿಂಗ್ ಮಾಡಿಕೊಟ್ಟ, ಸುಟ್ಟ ಬೋರ್ಡಿನಲ್ಲಿ ತಪ್ಪು ಎಲ್ಲಿದೆ ಅಂತ ಮೂಸಿ ನೋಡಿಯೇ ಹೇಳಿದ, ಸಂಜೆ ಐದಾದ ಮೇಲೂ ಲ್ಯಾಬ್ ಬೀಗ ಹಾಕದೆ ಕಾದ ಜನ ಆ ಒಂದು ಸಾಲಿನೊಳಗೆ ಹೆಸರಿಲ್ಲದೆ ಕೂತಿದ್ದಾರೆ. ನಾಲ್ಕು ವರ್ಷ ಆದ ಮೇಲೆ ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತಿರುತ್ತೆ?

ಕೊರಿಯಾದ ಆ ಕುಂಬಾರನ ಹೆಸರು ಕೇಳೋಕೆ ಈಗ ಯಾರೂ ಉಳಿದಿಲ್ಲ. ನಮ್ಮ ವರ್ಕ್‌ಶಾಪಿನ ಅಣ್ಣನ ಹೆಸರು ಕೇಳೋಕೆ ಒಂದು ನಿಮಿಷ ಸಾಕು. ಈ ಸಲ ರಿಪೋರ್ಟ್ ಬೈಂಡಿಂಗ್‌ಗೆ ಕೊಡೋ ಮುಂಚೆ ಒಮ್ಮೆ ಶಾಪಿಗೆ ಹೋಗಿ, ಅವರ ಪೂರ್ತಿ ಹೆಸರು, ಇನಿಷಿಯಲ್ ಸಮೇತ, ಕೇಳಿಕೊಂಡು ಬನ್ನಿ.